ನಿಧಾನವಾಗಿ ಬರುತ್ತಿದ್ದೇವೆ

ಬ್ರೂಜ್, ಬೆಲ್ಜಿಯಂ
೧೪ ಏಪ್ರಿಲ್ ೧೯೫೯

ಪ್ರೀತಿಯ ಯದು,

ಅಂಚೆಚೀಟಿ ನೋಡಿ ಗಾಬರಿಯಾಗಬೇಡ. ನಾವು ಲೀಡ್ಸ್ ಬಿಟ್ಟಾಯಿತು. ನಿನ್ನ ಭಾವನ ಒಂದು ವರ್ಷದ ತರಬೇತಿ ಮುಗಿದು ಸರ್ಟಿಫಿಕೇಟು ಕೈಗೆ ಬಂತು. ಬೊಂಬಾಯಿಗೆ ಹೋಗುವ ಹಡಗು ಇಟಲಿಯ ನೇಪಲ್ಸಿನಿಂದ ಹೊರಡುವುದು ಜುಲೈ ಹದಿನೆಂಟಕ್ಕೆ. ಅಲ್ಲಿಯವರೆಗೆ ಲೀಡ್ಸಿನ ಹೊಗೆ ಹಿಡಿದ ಕೋಣೆಯಲ್ಲೇ ಕೂತಿರಬಹುದಿತ್ತು. ಒಂದು ಬೆಳಿಗ್ಗೆ ಇವರು ಭೂಪಟವನ್ನು ನೆಲದ ಮೇಲೆ ಹರಡಿ, "ಕೋಮಲಾ, ಇಲ್ಲಿಂದ ಇಲ್ಲೀವರೆಗೆ ರೈಲಲ್ಲೇ ಹೋಗೋಣ. ಹಳೇ ಊರುಗಳನ್ನೇ ಆರಿಸ್ಕೊಳ್ಳೋಣ. ಒಂದೊಂದರಲ್ಲೂ ಎರಡು ಮೂರು ವಾರ ಇದ್ದು, ನಿಧಾನವಾಗಿ" ಎಂದರು. ಅರಸೀಕೆರೆ ಹೈಸ್ಕೂಲಿನ ಇತಿಹಾಸದ ಮೇಷ್ಟರು ಮತ್ತೆ ಯಾವ ಕಾಲಕ್ಕೆ ಈ ಕಡೆ ಬಂದಾರು ಎಂದು ನಾನೂ ಹೂಂ ಎಂದೆ.

ಈ ಊರಿನ ತುಂಬ ಕಾಲುವೆ. ಕಾಲುವೆಯಲ್ಲಿ ಹಂಸಗಳು, ಪಟದಲ್ಲಿ ಬರೆಯುವಂಥವೇ. ಆದರೆ ಹತ್ತಿರ ಹೋದರೆ ಹಾವಿನ ಹಾಗೆ ಬುಸ್ ಎನ್ನುತ್ತವೆ. ಮುದುಕಿಯರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ದಿಂಬು ಇಟ್ಟು, ಅದರ ತುಂಬ ಗುಂಡುಸೂಜಿ ನೆಟ್ಟು, ಮರದ ಕಡ್ಡಿಗಳಿಗೆ ಸುತ್ತಿದ ನೂಲನ್ನು ಅತ್ತಿತ್ತ ದಾಟಿಸುತ್ತ ಲೇಸು ಹೆಣೆಯುತ್ತಾರೆ. ನಾನು ಕಣ್ಣು ಬಿಟ್ಟುಕೊಂಡು ನೋಡುವುದನ್ನು ಕಂಡು ಒಬ್ಬಾಕೆ ದಿಂಬನ್ನು ನನ್ನ ತೊಡೆಗೇ ಇಟ್ಟಳು. ಕ್ಷಣದಲ್ಲಿ ಗೋಜಲು ಮಾಡಿದೆ. ಬೈಯಲಿಲ್ಲ. ನಗುತ್ತ ಒಂದೊಂದೇ ಎಳೆ ಬಿಡಿಸಿದಳು.

ಇನ್ನೊಂದು ಸಂಗತಿ. ಇಲ್ಲಿ ಮುಗಿಲಿಗೆ ತಾಗುವಂಥ ಗಂಟೆಗೋಪುರವಿದೆ. ಇಬ್ಬರೂ ಹತ್ತಲು ಹೊರಟೆವು. ಅರ್ಧಕ್ಕೆ ಇವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಮುಖವೆಲ್ಲ ಬೆವರು. "ನೀನು ಹೋಗಿ ನೋಡ್ಕೊಂಡು ಬಾ. ನನಗೆ ಎತ್ತರ ಅಂದ್ರೆ ಚಿಕ್ಕಂದಿನಿಂದ ಭಯ" ಎಂದರು. ಮದುವೆಯಾಗಿ ಹದಿನಾಲ್ಕು ವರ್ಷವಾಯಿತು, ನನಗಿದು ಗೊತ್ತೇ ಇರಲಿಲ್ಲ! ಹೇಗೆ ಗೊತ್ತಾಗಬೇಕು ಹೇಳು. ಅರಸೀಕೆರೆಯ ಮನೆಯಲ್ಲಿ ಅತ್ತೆ, ಮಾವ, ಮೈದುನಂದಿರು. ಲೀಡ್ಸಿನಲ್ಲಿ ಸಾರನ್ನಕ್ಕೆ ಬರುತ್ತಿದ್ದ ಮೈಸೂರಿನ ಹುಡುಗರು. ನಾವಿಬ್ಬರೇ ಇರುವುದು ಇದೇ ಮೊದಲು.

ನಿನ್ನ ಮಗಳು ಪದ್ದುವಿಗೆ ಇವರು ಒಂದು ಲೇಸಿನ ಕಾಲರ್ ಕೊಂಡಿದ್ದಾರೆ. ಕಳೆದ ವರ್ಷ ನಿಮ್ಮ ನಡುಮನೆಯಲ್ಲಿ ಕೂತು ಆಡಿದ ಮಾತನ್ನು ದಿನಕ್ಕೊಂದು ಸಲವಾದರೂ ನೆನೆಸುತ್ತಾರೆ: ಈ ವಿಜಯದಶಮಿಗೆ ಪದ್ದುವನ್ನು ದತ್ತು ತೆಗೆದುಕೊಂಡು ಅರಸೀಕೆರೆಗೆ ಕರೆತರುವುದು. ಹೆಣ್ಣುಮಗುವನ್ನೂ ದತ್ತು ತೆಗೆದುಕೊಳ್ಳಬಹುದು ಎಂಬ ಹೊಸ ಕಾನೂನನ್ನು ರೈಲಿನಲ್ಲಿ ಸಿಕ್ಕ ಯಾರೋ ಬೆಲ್ಜಿಯಂನವರಿಗೂ ವಿವರಿಸಿದರು.

ಮುಂದಿನ ಕಾಗದವನ್ನು ಸ್ಟ್ರಾಸ್‌ಬರ್ಗ್ ಊರಿನ ದೊಡ್ಡ ಪೋಸ್ಟಾಫೀಸಿಗೆ, ನನ್ನ ಹೆಸರಿಗೆ ಹಾಕು. ನಾನು ಹೋಗಿ ಕೇಳಿದರೆ ಕೊಡುತ್ತಾರೆ.

ನಿನ್ನ ಅಕ್ಕ,
ಕೋಮಲವಲ್ಲಿ


ಬೇಲೂರು
೨೬ ಏಪ್ರಿಲ್ ೧೯೫೯

ಅಕ್ಕನಿಗೆ ಯದುಗಿರಿಯ ನಮಸ್ಕಾರ.

ಮನೆ ನಂಬರಿಲ್ಲದ ಕಾಗದ ಅಷ್ಟು ದೂರದ ಊರಲ್ಲಿ ನಿನಗಾಗಿ ಕಾದಿರುತ್ತದೆ ಎಂದರೆ ನಮ್ಮ ಪೋಸ್ಟ್ ಮಾಸ್ಟರು ನಂಬಲಿಲ್ಲ. "ಯಾರಾದರೂ ಕೋಮಲವಲ್ಲಿ ಅಂತ ಹೇಳ್ಕೊಂಡು ಇಸ್ಕೊಂಡ್ರೆ?" ಎಂದರು. ಆ ಊರಲ್ಲಿ ಇನ್ನೊಬ್ಬ ಕೋಮಲವಲ್ಲಿ ಇರಲಾರಳು ಎಂದು ಧೈರ್ಯ ಹೇಳಿದೆ.

ನಿನ್ನ ಕಾಗದವನ್ನು ನಮ್ಮವರು ಗಟ್ಟಿಯಾಗಿ ಓದಿದರು. ಅತ್ತೆ ಶ್ರೀರಂಗಮ್ಮನವರು ಬತ್ತಿ ಹೊಸೆಯುತ್ತ ಕೇಳಿಸಿಕೊಂಡು, "ತಿರುಪತಿ ಅಲ್ಲ, ಶ್ರೀರಂಗ ಅಲ್ಲ. ಅಲ್ಲಿ ಯಾವ ದೇವರಿದಾನೆ ಅಂತ ಗಂಡ ಹೆಂಡತಿ ಊರೂರು ಅಲೀತಾರೆ?" ಎಂದರು. ಎಂದವರೇ, ಗಂಟೆಗೋಪುರದ ಭಾಗವನ್ನು ಮತ್ತೊಂದು ಸಲ ಓದಿಸಿದರು. ದೇವಸ್ಥಾನದ ಆಫೀಸಿನಲ್ಲಿ ಗುಮಾಸ್ತರಾದ ಮೇಲೆ ನಮ್ಮವರಿಗೆ ಮನೆಯಲ್ಲಿ ಇಷ್ಟು ಮರ್ಯಾದೆ ಸಿಕ್ಕಿದ್ದು ಇದೇ ಮೊದಲು.

ಪದ್ದುವಿಗೆ ಕಾಲರಿನ ವಿಷಯ ಹೇಳಿದೆ. ಅವಳು ಅದೃಷ್ಟವಂತೆ ಎಂದು ಎಲ್ಲರೂ ಅನ್ನುತ್ತಾರೆ. ಇಬ್ಬರು ಗಂಡುಹುಡುಗರ ಮಧ್ಯೆ ಇಲ್ಲಿ ಅವಳಿಗೆ ಏನು ತಾನೇ ಆಗುತ್ತಿತ್ತು. ಅರಸೀಕೆರೆಯಲ್ಲಿ ಒಳ್ಳೆಯ ಸ್ಕೂಲಿದೆ. ಎಲ್ಲ ಮಾತಾಡಿದ ಹಾಗೆಯೇ. ನೀನು ಯೋಚನೆ ಮಾಡಬೇಡ. ಕೆಳಗೆ ಅವಳೇ ಬರೆದಿದ್ದಾಳೆ.

ಯದುಗಿರಿ

ದೊಡ್ಡಮ್ಮನಿಗೆ ಪದ್ಮಾಸನಿ ಮಾಡುವ ನಮಸ್ಕಾರ. ಆ ಗಂಟೆಯನ್ನು ಯಾರು ಹೊಡೆಯುತ್ತಾರೆ? ಅವರಿಗೆ ಕಿವಿ ನೋಯುವುದಿಲ್ಲವೇ? ಹಂಸಕ್ಕೆ ಹಾಲು ನೀರು ಬೆರೆಸಿ ಕೊಟ್ಟರೆ ಹಾಲು ಮಾತ್ರ ಕುಡಿಯುತ್ತದೆ ಎಂದು ಅಜ್ಜಿ ಹೇಳುತ್ತಾರೆ. ನಿಜವೇ? ಕೊಟ್ಟು ನೋಡಿ ಬರೆಯಿರಿ.


ಸ್ಟ್ರಾಸ್‌ಬರ್ಗ್, ಫ್ರಾನ್ಸ್
೧೦ ಮೇ ೧೯೫೯

ಪ್ರೀತಿಯ ಯದು,

ಮೊದಲು ಪದ್ದುವಿಗೆ ಉತ್ತರ. ಗಂಟೆಗಳನ್ನು ಒಬ್ಬ ಮನುಷ್ಯ ಮರದ ಹಿಡಿಗಳನ್ನು ಮುಷ್ಟಿಯಿಂದ ಗುದ್ದಿ ಗುದ್ದಿ ನುಡಿಸುತ್ತಾನೆ. ಕಿವಿ ನೋಯುತ್ತದೆಯೇ ಎಂದು ಕೇಳಲು ನನಗೆ ಅವನ ಭಾಷೆ ಬರಲಿಲ್ಲ.

ಇನ್ನು ಹಂಸ. ಇಲ್ಲಿನ ನದಿಯಲ್ಲೂ ಇವೆ. ದೊಡ್ಡಪ್ಪ ಒಂದು ತಟ್ಟೆಯಲ್ಲಿ ಹಾಲಿಗೆ ನೀರು ಬೆರೆಸಿ ನದಿಯ ಮೆಟ್ಟಿಲ ಮೇಲಿಟ್ಟು ದೂರ ನಿಂತರು. ಹಂಸ ಬಂತು. ತಟ್ಟೆ ಮಗುಚಿತು. ಇವರ ಚೀಲದಿಂದ ಬ್ರೆಡ್ಡು ಎಳೆದುಕೊಂಡು ಹೋಯಿತು. ಒಬ್ಬ ಪೊಲೀಸಿನವನು ನೋಡುತ್ತಿದ್ದ. ಇವರು ಇಂಗ್ಲಿಷಿನಲ್ಲಿ, ಕೈಸನ್ನೆಯಲ್ಲಿ ಎಲ್ಲ ವಿವರಿಸಿದರು. ಅವನು ಬಹಳ ಗಂಭೀರವಾಗಿ ತಲೆಯಾಡಿಸಿ ಹೋದ. ಮರುದಿನ ನಾವು ಅಲ್ಲಿಗೆ ಹೋದರೆ ಅವನೇ ಒಂದು ಅಗಲವಾದ, ಮಗುಚಲಾಗದ ಬೋಗುಣಿ ತಂದು ಕಾಯುತ್ತಿದ್ದಾನೆ! ಆ ದಿನ ಹಂಸ ಬರಲಿಲ್ಲ. ಪದ್ದು, ನಿನ್ನ ಪ್ರಶ್ನೆ ಇನ್ನೂ ಹಾಗೆಯೇ ಉಳಿದಿದೆ ಎಂದು ಅಜ್ಜಿಗೆ ಹೇಳು.

ಯದು, ಇಲ್ಲಿಗೆ ಬಂದ ಮೇಲೆ ನಾವಿಬ್ಬರೂ ಜಗಳವಾಡಿದೆವು. ನಮ್ಮ ಕೋಣೆಯ ಎದುರಿನ ಮನೆ ಯುದ್ಧದಲ್ಲಿ ಬಾಂಬಿಗೆ ಬಿದ್ದದ್ದಂತೆ, ಈಗ ಕಟ್ಟುತ್ತಿದ್ದಾರೆ. ದಿನಾ ಕಿಟಕಿಯಲ್ಲಿ ಕೂತು ನೋಡುತ್ತಿದ್ದೆ. ಬಾಗಿಲ ಮೇಲೆ ಒಂದು ಗೂಡು ಬಿಟ್ಟಿದ್ದರು. ಅಲ್ಲಿ ಏನು ಕೂರಿಸುತ್ತಾರೆ ಎಂದು ನನಗೆ ತಿಳಿಯಲೇಬೇಕಿತ್ತು. ಅಷ್ಟರಲ್ಲಿ ಇವರು "ನಾಡಿದ್ದು ಹೊರಡೋಣ, ವೆನಿಸ್‌ನಲ್ಲಿ ಕೋಣೆ ಹೇಳಿಯಾಗಿದೆ" ಎಂದರು. "ನಾನು ಬರೋಲ್ಲ, ನೀವು ಹೋಗಿ" ಎಂದೆ. ಅಂದ ಮೇಲೆ ನನಗೇ ಹೆದರಿಕೆಯಾಯಿತು. ಮದುವೆಯಾದಾಗಿನಿಂದ ಇವರಿಗೆ ಎದುರಾಡಿದ್ದು ಇದೇ ಮೊದಲಿರಬೇಕು. ಇವರೂ ನನ್ನನ್ನೇ ನೋಡಿದರು. ಆಮೇಲೆ ಹೋಗಿ ಟಿಕೀಟು ಬದಲಾಯಿಸಿಕೊಂಡು ಬಂದರು. ಶನಿವಾರ ಗಾರೆಯವನು ಗೂಡಿನಲ್ಲಿ ಕಲ್ಲಿನ ಬೆಕ್ಕೊಂದನ್ನು ಕೂರಿಸಿದ. ಹಳೆಯ ಮನೆಯದೇ ಬೆಕ್ಕು, ಕಿವಿ ಮುರಿದಿದೆ. ಇವರು ನನಗಿಂತ ಹೆಚ್ಚು ಖುಷಿಪಟ್ಟರು.

ಪದ್ದುವಿನ ಪಾದವನ್ನು ಕಾಗದದ ಮೇಲೆ ಇರಿಸಿ, ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ಕಳಿಸಬೇಕಂತೆ. ಇಟಲಿಯಲ್ಲಿ ಚರ್ಮದ ಷೂ ಚೆನ್ನಾಗಿರುತ್ತದಂತೆ. ನಿನ್ನ ಭಾವನ ಅಪ್ಪಣೆ. ವೆನಿಸ್‌ಗೆ ಬರೆ.

ಕೋಮಲ


ಬೇಲೂರು
೨೩ ಮೇ ೧೯೫೯

ಅಕ್ಕ,

ಕಾಗದ ತಲುಪಿತು. ಎಲ್ಲರೂ ಚೆನ್ನಾಗಿದ್ದೇವೆ. ಬಿಸಿಲು ಬಹಳ.

ಪಾದದ ಗೆರೆ ಕಳಿಸಲಿಲ್ಲ. ಅವಳು ಒಂದು ಕಡೆ ನಿಲ್ಲುವುದಿಲ್ಲ, ಅಲ್ಲದೆ ಬೆಳೆಯುವ ಕಾಲು. ಈಗ ತಂದದ್ದು ವಿಜಯದಶಮಿಯ ಹೊತ್ತಿಗೆ ಹಿಡಿಯದೆ ಹೋಗಬಹುದು. ಷೂ ಬೇಡ ಎಂದು ಭಾವನಿಗೆ ಹೇಳು.

ಬೆಕ್ಕಿನ ಗೊಂಬೆ ನೋಡುವುದಕ್ಕೆ ಊರಿನಲ್ಲಿ ಹೆಚ್ಚಿಗೆ ದಿನ ಉಳಿದಿರಿ ಎಂದು ಕೇಳಿ ಅತ್ತೆ ನಕ್ಕರು. ನಿಮಗೆ ಅವಸರವಿಲ್ಲ. ಸಂತೋಷ.

ಕೆಳಗೆ ಪದ್ದು ಏನೋ ಬರೆಯುತ್ತಾಳಂತೆ. ನಾನು ನೋಡಬಾರದಂತೆ. ಅವಳೇ ಅಂಟಿಸಿ ಪೋಸ್ಟಿಗೆ ಹಾಕುತ್ತಾಳೆ.

ಯದುಗಿರಿ

ದೊಡ್ಡಮ್ಮ, ರಸ್ತೆ ಇಲ್ಲದ ಊರಿಗೆ ಹೋಗುತ್ತೀರೆಂದು ಅಪ್ಪ ಹೇಳಿದರು. ಅಲ್ಲಿ ಹಸುಗಳು ಎಲ್ಲಿ ನಿಲ್ಲುತ್ತವೆ? ಇನ್ನೊಂದು ಕೇಳಬೇಕು. ನಾನು ಅರಸೀಕೆರೆಗೆ ಬಂದ ಮೇಲೆ ನಿಮ್ಮನ್ನು ಅಮ್ಮ ಅನ್ನಬೇಕು, ಅಮ್ಮನನ್ನು ಚಿಕ್ಕಮ್ಮ ಅನ್ನಬೇಕು ಎಂದು ಅಜ್ಜಿ ಹೇಳಿಕೊಡುತ್ತಿದ್ದಾರೆ. ಒಂದು ಸಲ ಅಡುಗೆಮನೆಗೆ ಹೋಗಿ ಚಿಕ್ಕಮ್ಮ ಎಂದು ಕರೆದೆ. ಅಮ್ಮ ತಿರುಗಲಿಲ್ಲ. ಯಾವತ್ತಿನಿಂದ ಹಾಗೆ ಕರೆಯಬೇಕು?


ವೆನಿಸ್, ಇಟಲಿ
೭ ಜೂನ್ ೧೯೫೯

ಪ್ರೀತಿಯ ಯದು,

ಪದ್ದು, ಇಲ್ಲಿ ಹಸುಗಳೇ ಇಲ್ಲ. ಹಾಲು ದೋಣಿಯಲ್ಲಿ ಬರುತ್ತದೆ. ತರಕಾರಿ, ಸೌದೆ, ಅಗಸರ ಗಂಟು, ಮದುವೆಯ ಹೆಣ್ಣು ಎಲ್ಲ ದೋಣಿಯಲ್ಲೇ. ನಿನ್ನೆ ಒಂದು ಬೀರು ದೋಣಿಯಲ್ಲಿ ನಿಂತುಕೊಂಡು ಹೋಯಿತು. ಅದರ ಕನ್ನಡಿಯಲ್ಲಿ ಸಾಲುಮನೆಗಳೆಲ್ಲ ತೇಲಿಕೊಂಡು ಹೋದವು.

ಅವಳ ಇನ್ನೊಂದು ಪ್ರಶ್ನೆಗೆ ಈಗ ಉತ್ತರ ಬರೆಯಲಾರೆ. ಅವಳು ಕೇಳಿದರೆ ದೊಡ್ಡಮ್ಮ ಯೋಚಿಸುತ್ತಿದ್ದಾಳೆ ಎನ್ನು.

ನಮ್ಮ ಮನೆಯೊಡತಿ ಒಬ್ಬ ದಪ್ಪ ಹೆಂಗಸು. ಮಾತಾಡುತ್ತಲೇ ಇರುತ್ತಾಳೆ, ನನಗೆ ಅರ್ಥವಾಗುವುದಿಲ್ಲ ಎಂಬುದು ಅವಳಿಗೆ ಲೆಕ್ಕಕ್ಕಿಲ್ಲ. ಮೊದಲ ದಿನವೇ ಅಡುಗೆಮನೆಯಲ್ಲಿ ಕೈಯಲ್ಲಿ ಮಗು ತೂಗಿದ ಹಾಗೆ ಮಾಡಿ, ಬೆರಳು ತೋರಿಸಿ, ಎಷ್ಟು ಎಂದು ಕೇಳಿದಳು. ಇಲ್ಲ ಎಂದು ಕೈಯಾಡಿಸಿದೆ. ನಮ್ಮ ಕಡೆ ಇದರ ಮುಂದೆ ಬರುವ ಮಾತುಗಳೆಲ್ಲ ನನಗೆ ಬಾಯಿಪಾಠ: ಯಾವ ಡಾಕ್ಟರು, ಯಾವ ಹರಕೆ, ಯಾರ ಕಡೆಯ ದೋಷ. ಅವು ಬರುತ್ತವೆಂದು ಕಾದು ನಿಂತೆ. ಇವಳು "ಆ" ಎಂದವಳೇ ನನ್ನ ಕೈಗೆ ಚಾಕು ಕೊಟ್ಟು, ಆರ್ಟಿಚೋಕ್ ಎಂಬ ಮುಳ್ಳುಮುಳ್ಳಾದ ಹಸಿರು ಮೊಗ್ಗಿನ ಎಸಳು ಬಿಡಿಸುವುದನ್ನು ತೋರಿಸತೊಡಗಿದಳು. ಅಷ್ಟೇ. ಒಳಗಡೆ ಬಾಳೆಹೂವಿನ ಹಾಗೆಯೇ ಇರುತ್ತದೆ. ಬಿಡಿಸುತ್ತ ಬಿಡಿಸುತ್ತ ಕಣ್ಣಲ್ಲಿ ನೀರು ಬಂತು. ಮುಳ್ಳು ಚುಚ್ಚಿತೆಂದುಕೊಂಡು ಆಕೆ ನನ್ನ ಬೆರಳು ಹಿಡಿದು ನೋಡಿದಳು.

ನಿನ್ನ ಕಾಗದ ಚಿಕ್ಕದಾಗಿತ್ತು. ನಾವು ತಡ ಮಾಡುತ್ತಿದ್ದೇವೆಂದು ಕೋಪವೇ? ಇಲ್ಲಿಂದ ಸಿಯೆನಾ ಎಂಬ ಬೆಟ್ಟದ ಊರಿಗೆ ಹೋಗುತ್ತೇವೆ. ಅಲ್ಲಿ ಎರಡು ಮೂರು ವಾರ, ಆಮೇಲೆ ನೇಪಲ್ಸ್.

ಕೋಮಲ


ಬೇಲೂರು
೧೮ ಜೂನ್ ೧೯೫೯

ಅಕ್ಕ,

ಕಾಗದವನ್ನು ಮತ್ತೆ ಮತ್ತೆ ಓದಿದೆ. ಅದರಲ್ಲಿ ದೋಣಿ ಇದೆ, ಬೀರು ಇದೆ, ಮುಳ್ಳಿನ ತರಕಾರಿ ಇದೆ. ವಿಜಯದಶಮಿಯ ಮಾತು ಎಲ್ಲಿಯೂ ಇಲ್ಲ.

ನನ್ನ ಮಗಳು ಏನು ಕೇಳಿದಳೋ ನನಗೆ ಗೊತ್ತಿಲ್ಲ. ಯೋಚಿಸಿ ಉತ್ತರ ಕೊಡುವಂಥದ್ದು ಏಳು ವರ್ಷದ ಮಗು ಏನು ಕೇಳಿರಬಹುದು? ನೇರವಾಗಿ ಕೇಳುತ್ತೇನೆ. ಅವಳು ಬೇಡವೆನ್ನಿಸಿದೆಯೇ? ಅವಳಲ್ಲಿ ಏನು ಕೊರತೆ ಕಂಡೆ? ಬಣ್ಣ ಕಡಮೆ ಎಂದೇ? ಬಾಯಿ ಜಾಸ್ತಿ ಎಂದೇ? ದೇಶ ಸುತ್ತಿದ ಮೇಲೆ ಬೇಲೂರಿನ ಗುಮಾಸ್ತನ ಮಗಳು ಸಣ್ಣವಳಾಗಿ ಕಂಡಳೇ?

ಕಳೆದ ವರ್ಷ ನೀನು ಕೈ ಹಿಡಿದುಕೊಂಡು ಕೇಳಿದಾಗ ನಾನು ಒಂದು ಮಾತು ಆಡದೆ ಹೂಂ ಎಂದೆ. ಊರಿಗೆಲ್ಲ ಗೊತ್ತಾಗಿದೆ. ಗುಡಿಯ ಬೀದಿಯಲ್ಲಿ ಅವಳನ್ನು ಈಗಲೇ "ಅರಸೀಕೆರೆ ಪದ್ದು" ಎನ್ನುತ್ತಾರೆ. ನಿಧಾನವಾಗಿ ಬರುತ್ತಿದ್ದೇವೆ ಎಂದು ಬರೆಯುತ್ತೀಯಲ್ಲ, ಬರುವುದಕ್ಕೇ ಇಷ್ಟವಿಲ್ಲದವರು ಹಾಗೆ ನಡೆಯುತ್ತಾರೆ.

ಯದುಗಿರಿ


ಸಿಯೆನಾ
೨೮ ಜೂನ್ ೧೯೫೯

ಯದು,

ನೀನು ಬೈದದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ಇನ್ನೂ ಒಂದು ಊರಿನ ವರ್ಣನೆ ಬರೆದು ಕಳಿಸುತ್ತಿದ್ದೆ.

ಪದ್ದು ಕೇಳಿದ್ದು ಇಷ್ಟು: ಯಾವ ದಿನದಿಂದ ಅಮ್ಮನನ್ನು ಚಿಕ್ಕಮ್ಮ ಎನ್ನಬೇಕು, ಎಂದು. ಅಡುಗೆಮನೆಯಲ್ಲಿ ಕರೆದು ನೋಡಿದಳಂತೆ, ನೀನು ತಿರುಗಲಿಲ್ಲವಂತೆ.

ಅದನ್ನು ಓದಿದ ಮೇಲೆ ಒಂದೂರಿನಲ್ಲೂ ನನ್ನ ಮನಸ್ಸು ನೆಟ್ಟಗಿಲ್ಲ. ನಿನ್ನ ಮಗಳಲ್ಲಿ ಕೊರತೆ ಏನೂ ಇಲ್ಲ. ಕೊರತೆ ನಾನು ಕೇಳಿದ ರೀತಿಯಲ್ಲಿತ್ತು. ಅರಸೀಕೆರೆಯಲ್ಲಿ ಬಾವಿಕಟ್ಟೆಗೆ ಹೋದರೆ, ಅರಿಸಿನ ಕುಂಕುಮಕ್ಕೆ ಹೋದರೆ, ರೈಲಿನಲ್ಲಿ ಪಕ್ಕದಲ್ಲಿ ಯಾರಾದರೂ ಕೂತರೆ ಒಂದೇ ಪ್ರಶ್ನೆ. ಅದಕ್ಕೊಂದು ಉತ್ತರ ಬೇಕಾಗಿತ್ತು ನನಗೆ. ಆ ಉತ್ತರವನ್ನೇ ಮಗು ಬೇಕೆಂಬ ಆಸೆ ಅಂದುಕೊಂಡಿದ್ದೆ. ಈ ಎರಡೂವರೆ ತಿಂಗಳು ಯಾರೂ ಕೇಳಲಿಲ್ಲ. ಕೇಳಿದ ಒಬ್ಬಳು, ಇಲ್ಲ ಎಂದರೆ ಸರಿ ಎಂದಳು. ಆಗ ಒಳಗೆ ತಡಕಿ ನೋಡಿಕೊಂಡೆ. ಪದ್ದುವಿನ ಮೇಲೆ ಪ್ರೀತಿ ಇದೆ, ಬೆಟ್ಟದಷ್ಟು ಇದೆ. ಆದರೆ ಅವಳ ತಾಯಿಯಾಗುವ ಆಸೆ ಇಲ್ಲ. ನಿನ್ನಿಂದ ಅವಳನ್ನು ಬಿಡಿಸಿಕೊಂಡು ಬರುವ ಧೈರ್ಯವಂತೂ ಇಲ್ಲವೇ ಇಲ್ಲ.

ಇದನ್ನು ಮೊದಲು ಇವರಿಗೆ ಹೇಳಬೇಕಿತ್ತು. ಅದೇ ಕಷ್ಟ. ಮಗು ಬೇಕೆಂದು ನಿಜವಾಗಿ ಹಂಬಲಿಸಿದವರು ಇವರು. ಪೆಟ್ಟಿಗೆಯಲ್ಲಿ ಕಾಲರು, ಮರದ ಕೊಕ್ಕರೆ, ಗಾಜಿನ ಮಣಿ ಎಲ್ಲ ಬಟ್ಟೆ ಸುತ್ತಿ ಇಟ್ಟಿದ್ದಾರೆ. ಇಲ್ಲಿ ದೊಡ್ಡ ಚರ್ಚಿನ ಪಕ್ಕದಲ್ಲಿ ಅದಕ್ಕಿಂತ ದೊಡ್ಡದನ್ನು ಕಟ್ಟಲು ಹೊರಟು, ಊರಿಗೆ ಪ್ಲೇಗು ಬಂದು ಬಿಟ್ಟುಹೋದ ಗೋಡೆಗಳಿವೆ. ಮೇಲೆ ಚಾವಣಿ ಇಲ್ಲ, ಒಳಗೆ ಬೀದಿಯ ಹಾಗೆ ಜನ ಓಡಾಡುತ್ತಾರೆ. ಅಲ್ಲಿ ನೆರಳಿಗೆ ಕೂತಿದ್ದಾಗ ಹೇಳಿದೆ.

"ಪದ್ದು ನಮ್ಮ ಮಗಳಾಗಿ ಬರೋದು ಬೇಡ ಅನ್ಸುತ್ತೆ."

"ಯಾಕೆ? ಯದುಗಿರಿ ಏನಾದ್ರೂ ಬರೆದಳೇ?"

"ಅವಳಲ್ಲ. ನನಗೇ ಅನ್ಸಿದ್ದು."

ಎದ್ದು ಹೋಗಿ ಅರ್ಧಕ್ಕೆ ನಿಂತ ಆ ಗೋಡೆಯನ್ನು ಮುಟ್ಟಿ ನೋಡಿ ಬಂದರು. ಆಮೇಲೆ, "ನನಗೆ ಬೇಕಾಗಿತ್ತಲ್ಲ, ಕೋಮಲಾ" ಎಂದರು. ಅಷ್ಟೇ. ಕೂಗಾಡಿದ್ದರೆ ಸುಲಭವಾಗುತ್ತಿತ್ತು.

ಮಾರನೆಯ ದಿನ ಒಬ್ಬರೇ ಹೊರಟುಹೋದರು. ನಾನೂ ಒಬ್ಬಳೇ ಬೀದಿ ಸುತ್ತಿದೆ. ಈ ಊರಿನ ಓಣಿಗಳೆಲ್ಲ ಇಳಿಜಾರು, ಎಲ್ಲವೂ ಕೊನೆಗೆ ಮೊರದ ಹಾಗೆ ಬಾಗಿದ ಒಂದೇ ಬಯಲಿಗೆ ಬಂದು ಬೀಳುತ್ತವೆ. ನಾನು ಒಂದು ಓಣಿಯಿಂದ ಇಳಿದರೆ ಇವರು ಇನ್ನೊಂದರಿಂದ ಇಳಿಯುತ್ತಿದ್ದರು. ಮತ್ತೆ ಎದುರಾಗಿ, ಮತ್ತೆ ಬೇರೆ ಓಣಿ ಹಿಡಿದೆವು. ಈ ವಾರ ಅಲ್ಲಿ ಕುದುರೆ ಓಟವಿದೆ, ಕಲ್ಲುಹಾಸಿನ ಮೇಲೆ ಮಣ್ಣು ಹರಡುತ್ತಿದ್ದಾರೆ. ಓಟದ ದಿನ ಕುದುರೆಯನ್ನು ಚರ್ಚಿನೊಳಗೇ ನಡೆಸಿಕೊಂಡು ಹೋಗಿ ಪಾದ್ರಿಯಿಂದ ಆಶೀರ್ವಾದ ಮಾಡಿಸುತ್ತಾರಂತೆ! ನಿನ್ನೆ ಆ ಮಣ್ಣು ಹರಡುವುದನ್ನು ನೋಡುತ್ತ ನಿಂತಿದ್ದೆ. ಇವರು ಬಂದು ಪಕ್ಕದಲ್ಲಿ ನಿಂತು, "ಪದ್ದು ಬರೆದದ್ದು ಕೊಡು, ಇನ್ನೊಂದು ಸಲ ನೋಡ್ತೀನಿ" ಎಂದರು. ಓದಿ ವಾಪಸು ಕೊಟ್ಟರು. "ಇದಕ್ಕೆ ನನ್ನ ಹತ್ರಾನೂ ಉತ್ತರ ಇಲ್ಲ. ಯದುಗಿರಿಗೆ ಬರೆದುಬಿಡು. ಕೊಂಡ ಸಾಮಾನು ಮಾತ್ರ ಪದ್ದುವಿಗೇ ಕೊಡೋನು ನಾನು."

ಕೋಪ ಬಂದರೆ ನನ್ನ ಮೇಲೆ ಮಾಡಿಕೋ. ಇವರ ಮೇಲೆ ಬೇಡ. ನೇಪಲ್ಸಿಗೆ ಬರೆಯುತ್ತೀಯಾ?

ಕೋಮಲ


ಬೇಲೂರು
೮ ಜುಲೈ ೧೯೫೯

ಅಕ್ಕ,

ನಿನ್ನ ಕಾಗದ ಬಂದ ದಿನ ಒಲೆಯ ಮುಂದೆ ಕೂತು ಓದಿದೆ. ಮೊದಲು ಬಂದದ್ದು ಸಿಟ್ಟೇ. ಊರಿನವರಿಗೆ ಏನು ಹೇಳಲಿ ಎಂಬ ಸಿಟ್ಟು. ಅದರ ಬೆನ್ನಿಗೇ ಎದೆಯ ಮೇಲಿನ ಒರಳುಕಲ್ಲು ಇಳಿಸಿದ ಹಾಗಾಯಿತು. ಎರಡೂ ಒಟ್ಟಿಗೆ ಬಂದು ಏನು ಮಾಡಬೇಕೋ ತಿಳಿಯದೆ ಮಜ್ಜಿಗೆಗೆ ಎರಡು ಸಲ ಉಪ್ಪು ಹಾಕಿದೆ.

ನಮ್ಮವರಿಗೆ ಹೇಳಬೇಕಲ್ಲ. ಈ ಮನೆಯಲ್ಲಿ ಎಲ್ಲಿ ಹೇಳುವುದು? ನಡುಮನೆಯಲ್ಲಿ ಅತ್ತೆ, ಹಜಾರದಲ್ಲಿ ಹುಡುಗರು. ಮಾರನೆಯ ದಿನ ಅವರು ಆಫೀಸಿನ ಕೆಲಸದ ಮೇಲೆ ಹಳೇಬೀಡಿಗೆ ಹೊರಟಿದ್ದರು. "ನಾನೂ ಬರ್ತೀನಿ" ಎಂದೆ. "ಅಲ್ಲೇನಿದೆ ನಿನಗೆ?" ಎಂದರು. "ನೋಡೋಕೆ" ಎಂದೆ. ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ನನ್ನ ಹಣೆ ಮುಟ್ಟಿ ನೋಡಿದರು.

ಮಾದಿಹಳ್ಳಿಯ ಹತ್ತಿರ ಬಸ್ಸು ಕೆಟ್ಟು ನಿಂತಿತು. ರಸ್ತೆ ಪಕ್ಕದ ಮನೆಯ ಮಾದಮ್ಮ ಎಂಬಾಕೆ ಜಗುಲಿಯಿಂದ ಕೂಗಿದಳು, "ಅದು ಈಗ್ಲೇ ಹೊಂಡಾಕಿಲ್ಲ ಕಣವ್ವ, ಇಲ್ಲಿ ನೆಳ್ಳಾಗೆ ಬಂದು ಕೂತ್ಕಳಿ." ಎಳನೀರು ಕೆತ್ತಿ ಕೊಟ್ಟಳು. "ಗಂಡ ಎಂಡ್ತಿ ಇಬ್ರೇ ಹೊಂಟೀರಾ? ಮಕ್ಳೆಷ್ಟವ್ವಾ?"

"ಮೂರು" ಎಂದೆ. ಯಾವತ್ತೂ ಹೇಳುವ ಹಾಗೆ. ಹೇಳಿದ ಮೇಲೆ ಹೊಳೆಯಿತು. ದಸರಾ ಆದ ಮೇಲೆ ಯಾರಾದರೂ ಕೇಳಿದ್ದರೆ ಏನು ಹೇಳುತ್ತಿದ್ದೆ ಅಕ್ಕ? ಎರಡು ಎನ್ನುತ್ತಿದ್ದೆನೇ? ನಮ್ಮವರು ಎಳನೀರು ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದರು. ಅವರಿಗೂ ಅದೇ ಹೊಳೆದಿತ್ತು.

ಹಳೇಬೀಡಿನಲ್ಲಿ ಅವರ ಕೆಲಸ ಬೇಗ ಮುಗಿಯಿತು. ಗುಡಿಯನ್ನು ಒಂದು ಸುತ್ತು ಬಂದೆವು, ನಿಧಾನವಾಗಿ, ನಿನ್ನ ಹಾಗೆ. ಹತ್ತು ಮೈಲಿ ದೂರದಲ್ಲಿ ಇಷ್ಟು ವರ್ಷ ಇದ್ದು ಅದನ್ನು ನೆಂಟರಿಗೆ ತೋರಿಸಿದ್ದೇನೆ, ನಾನು ನೋಡಿರಲಿಲ್ಲ. ಆಮೇಲೆ ಕೆರೆಯ ಏರಿಯ ಮೇಲೆ ಕೂತು ನಿನ್ನ ಕಾಗದ ಅವರ ಕೈಗೆ ಕೊಟ್ಟೆ. ಓದಿ ಮುಗಿಸಿ, "ನಿನಗೆ ಕೊಡೋಕೆ ಇಷ್ಟ ಇತ್ತೇ?" ಎಂದರು.

"ಇರಲಿಲ್ಲ."

"ಮತ್ತೆ ಹೂಂ ಅಂದೆಯಲ್ಲೇ!"

"ಅಕ್ಕ ಅತ್ತಳು. ಅದಕ್ಕೆ ಅಂದೆ. ನೀವು ಬೇಡ ಅಂತೀರಿ ಅಂದ್ಕೊಂಡಿದ್ದೆ."

"ನೀನು ಅಂದೆ ಅಂತ ನಾನೂ ಅಂದೆ" ಎಂದು ಟೋಪಿ ತೆಗೆದು ತಲೆ ಕೆರೆದುಕೊಂಡರು. ನಗು ಬಂತು, ಅಳುವೂ ಬಂತು. ಒಂದು ವರ್ಷ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದ ಹಾಗೆ ಅದನ್ನು ಹೊತ್ತುಕೊಂಡು ಓಡಾಡಿದ್ದೇವೆ.

ಪಾದದ ಗೆರೆಯ ವಿಷಯ ಸುಳ್ಳು ಬರೆದಿದ್ದೆ. ಅವಳು ಸುಮ್ಮನೆ ನಿಂತಿದ್ದಳು. ಪೆನ್ಸಿಲು ಹಿಡಿದ ನನ್ನ ಕೈ ಓಡಲಿಲ್ಲ. ಅಡುಗೆಮನೆಯಲ್ಲಿ ಅವಳು ಕರೆದದ್ದೂ ಕೇಳಿಸಿತ್ತು. ತಿರುಗಿದರೆ ಒಪ್ಪಿಕೊಂಡ ಹಾಗಾಗುತ್ತದೆ ಎಂದು ತಿರುಗಲಿಲ್ಲ. ಆದರೂ ನೀನು ಬೇಡವೆನ್ನುತ್ತೀಯೇನೋ ಎನ್ನಿಸಿದಾಗ ಮೈಯೆಲ್ಲ ಉರಿಯಿತು. ನಾನು ಕೊಡಲಾರೆ ಎನ್ನಬಹುದು, ನೀನು ಬೇಡ ಎನ್ನಬಾರದು! ಈಗಲೂ ಸ್ವಲ್ಪ ಉರಿ ಉಳಿದಿದೆ. ಸುಳ್ಳು ಯಾಕೆ ಹೇಳಲಿ.

ಮನೆಗೆ ಬಂದು ಪದ್ದುವಿಗೆ ಹೇಳಿದೆವು. ಕುಣಿಯುತ್ತಾಳೆ ಎಂದುಕೊಂಡಿದ್ದೆ. ಜೋರಾಗಿ ಅತ್ತುಬಿಟ್ಟಳು. "ಹಾಗಾದ್ರೆ ನನಗೆ ರೈಲು ಇಲ್ವಾ?" ಎಂದಳು. ಅರಸೀಕೆರೆಯ ಮನೆಯ ಹಿಂದೆ ದಿನಾ ರೈಲು ಹೋಗುವುದನ್ನು ನೋಡಬೇಕೆಂದು ಒಂದು ವರ್ಷದಿಂದ ಕಾದಿದ್ದಾಳೆ. ರಜಕ್ಕೆ ಕಳಿಸುತ್ತೇನೆ ಎಂದ ಮೇಲೆ ಸುಮ್ಮನಾದಳು. ಕಳಿಸಲೇ?

ಭಾವನ ಮುಖ ನೆನೆದರೆ ಸಂಕಟವಾಗುತ್ತದೆ. ಅವರಿಗೆ ಏನು ಬರೆಯಬೇಕೋ ತಿಳಿಯದು.

ಯದು


ಅರಸೀಕೆರೆ
೬ ಆಗಸ್ಟ್ ೧೯೫೯

ಪ್ರೀತಿಯ ಯದು,

ನಿನ್ನ ಕಾಗದ ಹಡಗು ಹತ್ತುವ ಹಿಂದಿನ ದಿನ ಸಿಕ್ಕಿತು. ನೇಪಲ್ಸಿನ ಪೋಸ್ಟಾಫೀಸಿನ ಮೆಟ್ಟಿಲ ಮೇಲೆ ಓದಿ ಇವರಿಗೆ ಕೊಟ್ಟೆ. "ರೈಲು ತೋರಿಸೋದಕ್ಕೆ ದತ್ತು ಯಾಕೆ ಬೇಕು, ರಜಕ್ಕೆ ಬರಲಿ" ಎಂದು ನಕ್ಕರು. ನಕ್ಕರೇ ಹೊರತು, ಏಡನ್ ದಾಟುವವರೆಗೆ ಹೆಚ್ಚು ಮಾತಿರಲಿಲ್ಲ. ಡೆಕ್ಕಿನ ಮೇಲೆ ಒಬ್ಬರೇ ನಿಂತಿರುತ್ತಿದ್ದರು. ನಾನು ಕರೆಯಲು ಹೋಗಲಿಲ್ಲ. ಎಷ್ಟು ಹೊತ್ತು ಬಿಡಬೇಕು, ಯಾವಾಗ ಹೋಗಿ ಪಕ್ಕದಲ್ಲಿ ನಿಲ್ಲಬೇಕು ಎಂಬುದು ಈಗ ನನಗೆ ಒಂದಿಷ್ಟು ಗೊತ್ತಾಗುತ್ತದೆ.

ರೈಲು ಬಾಣಾವರ ದಾಟಿದಾಗ ತೆಂಗಿನ ತೋಟಗಳನ್ನು ನೋಡಿ ಇಬ್ಬರೂ ಒಟ್ಟಿಗೆ ಕಿಟಕಿಗೆ ಬಗ್ಗಿದೆವು. ಮನೆಯಲ್ಲಿ ಧೂಳು ಬಿಟ್ಟರೆ ಎಲ್ಲ ಸರಿಯಾಗಿದೆ. ಅತ್ತೆ ಮಾವ ಸದ್ಯಕ್ಕೆ ಮೈದುನನ ಮನೆಯಲ್ಲಿದ್ದಾರೆ. ಬುಧವಾರ ಬೆಳಗಿನ ಬಸ್ಸಿಗೆ ಬೇಲೂರಿಗೆ ಬರುತ್ತೇವೆ. ಪದ್ದುವಿನ ಸಾಮಾನೆಲ್ಲ ಇವರ ಕೈಯಲ್ಲೇ ಇದೆ, ನಾನು ಮುಟ್ಟಬಾರದಂತೆ.

ಇಂದು ಬೆಳಿಗ್ಗೆ ಪಕ್ಕದ ಮನೆಯ ರುಕ್ಮಿಣಮ್ಮನವರು ಮೊಸರು ತಂದುಕೊಟ್ಟು, ಹಡಗಿನ ವಿಷಯ ಎರಡು ಮಾತು ಕೇಳಿ, ಕುರ್ಚಿ ಎಳೆದುಕೊಂಡರು. "ಏನ್ರೀ ಮೇಷ್ಟ್ರೇ, ವಿಜಯದಶಮಿಗೆ ಮಗಳು ಬರ್ತಾಳಂತಲ್ಲ? ಕೋಮಲವಲ್ಲಿಗೆ ಇನ್ನು ಮನೆ ತುಂಬುತ್ತೆ ಬಿಡಿ."

ನಾನು ತಲೆ ತಗ್ಗಿಸುವುದರೊಳಗೆ ಇವರು ಹೇಳಿದರು, "ಇಲ್ಲ ಕಣ್ರೀ. ಪದ್ಮಾಸನಿ ಅವರಮ್ಮನ ಹತ್ರಾನೇ ಇರ್ತಾಳೆ. ರಜಕ್ಕೆ ಬಂದು ಹೋಗ್ತಾಳೆ. ಈ ಮನೇಲಿ ಮಕ್ಕಳು ಅಂತ ಇಲ್ಲ. ನಾವಿಬ್ಬರೇ."

ರುಕ್ಮಿಣಮ್ಮನವರು ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಒಲೆಯ ಮೇಲೆ ಹಾಲಿಟ್ಟಿದ್ದು ನೆನಪಾಯಿತೆಂದು ಎದ್ದು ಹೋದರು.

"ಹಾಗೆ ಹೇಳೋದು ಕಷ್ಟ ಆಯ್ತೇ?" ಎಂದು ಕೇಳಿದೆ.

"ಆಯ್ತು" ಎಂದರು. ಮೊಸರಿನ ಪಾತ್ರೆ ಮುಚ್ಚಿಟ್ಟು, "ಇನ್ನೊಬ್ಬರು ಕೇಳಿದ್ರೆ ಇಷ್ಟು ಆಗಲಾರದು" ಎಂದರು.

ಕೇಳುವವರಿಗೆ ಇಲ್ಲೇನು ಬರವೇ. ಸಂಜೆಯೊಳಗೆ ಇನ್ನಿಬ್ಬರು ಬಂದು ಕೇಳಿದರು. ಒಬ್ಬರಿಗೆ ಇವರು ಹೇಳಿದರು. ಇನ್ನೊಬ್ಬರಿಗೆ ನಾನೇ ಹೇಳಿದೆ.

ನಿನ್ನ ಅಕ್ಕ,
ಕೋಮಲ